ಅಕ್ಷರದ ತಿರುವು ಮತ್ತು ಕಾಲನಿರ್ಣಯ: ಜೆ.ಎಫ್. ಫ್ಲೀಟರ ಜೀವನ–ಸಾಧನೆ

ಮದುವೆಯ ಕರೆಯೋಲೆ, ಗ್ರಂಥದ ಮುಖಪುಟ, ಅಂಗಡಿಯ ನಾಮಫಲಕ ಮೊದಲಾದೆಡೆಗಳಲ್ಲಿ ಬಳಕೆಯಾಗುವ ಕನ್ನಡದ ಅಲಂಕಾರಿಕ ಅಕ್ಷರಗಳಿಗೆ ಒಂದು ಸಾಮಾನ್ಯ ಗುಣವಿದೆ. ಅವು ಕೈಬರಹದ ಓಟವನ್ನು ಅನುಸರಿಸುತ್ತವೆ. ಅಕ್ಷರದ ಮೈ ದುಂಡಾಗುತ್ತದೆ, ತಲೆಕಟ್ಟು ಬಾಗುತ್ತದೆ, ಕೊನೆಯ ಗೆರೆ ಬಳ್ಳಿಯಂತೆ ಹೊರಳುತ್ತದೆ. ಅಚ್ಚುಮೊಳೆಯ ಕಾಲದಿಂದ ಗಣಕಯಂತ್ರದ ಅಕ್ಷರವಿನ್ಯಾಸದವರೆಗೆ ಕನ್ನಡಕ್ಕೆ ಸಹಜವೆನಿಸಿರುವ ಈ ದುಂಡುತನ ಲಿಪಿಯ ಹುಟ್ಟುಗುಣವೆಂದು ತಿಳಿಯುವುದು ವಾಡಿಕೆ. ಆದರೆ ಆರನೆಯ, ಏಳನೆಯ ಶತಮಾನಗಳ ಶಾಸನಗಳನ್ನು ನೋಡಿದಾಗ ಈ ತಿಳಿವಳಿಕೆ ನಿಲ್ಲುವುದಿಲ್ಲ. ಅಲ್ಲಿನ ಅಕ್ಷರಗಳಲ್ಲಿ ಹಲವು ಚೌಕವಾಗಿವೆ, ಕೋನಗಳಿಂದ ಕೂಡಿವೆ. ಚೌಕ ಅಕ್ಷರ ದುಂಡಾದದ್ದು ಯಾವಾಗ, ಯಾವ ಅಕ್ಷರ ಮೊದಲು ಬಾಗಿತು, ಆ ಬಾಗುವಿಕೆಯಿಂದ ಶಾಸನವೊಂದರ ಕಾಲವನ್ನು ಹೇಳಬಹುದೇ ಎಂಬ ಪ್ರಶ್ನೆಗಳನ್ನು ಶಿಸ್ತಿನಿಂದ ಎತ್ತಿ, ಉತ್ತರಕ್ಕಾಗಿ ಜೀವಮಾನವನ್ನೇ ಸವೆಸಿದವರು ಜಾನ್ ಫೇಥ್‌ಫುಲ್ ಫ್ಲೀಟ್.

ಫ್ಲೀಟರನ್ನು ಕನ್ನಡ ವಿದ್ವಲ್ಲೋಕ ಮುಖ್ಯವಾಗಿ ರಾಜವಂಶಗಳ ಇತಿಹಾಸಕಾರರೆಂದು, ಲಾವಣಿಗಳ ಸಂಗ್ರಾಹಕರೆಂದು ನೆನೆಯುತ್ತ ಬಂದಿದೆ. ಅಕ್ಷರದ ಆಕಾರವನ್ನೇ ಸಾಕ್ಷ್ಯವನ್ನಾಗಿ ಮಾಡಿದ ಲಿಪಿಶಾಸ್ತ್ರಜ್ಞರಾಗಿ ಅವರ ಸಾಧನೆ, ಆ ಸಾಧನೆಯೊಳಗಿನ ಮಿತಿ ಮತ್ತು ಬಾಳಿನ ಕೊನೆಯಲ್ಲಿ ಅವರು ತೋರಿದ ಪ್ರಾಮಾಣಿಕತೆ ಇವು ಒಟ್ಟಾಗಿ ಪರಿಶೀಲನೆಗೆ ಅರ್ಹವಾಗಿವೆ. ಈ ಸಾಧನೆಯ ತಳಪಾಯ ಬೆಳಗಾವಿ ಜಿಲ್ಲೆಯ ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗ ಪರಿಸರದ ಕಲ್ಲುಗಳ ಮೇಲೆ ನಿಂತಿದೆಯೆಂಬುದು ಗಮನಾರ್ಹ.

ಆರಂಭದ ದಿನಗಳು

ಫ್ಲೀಟರು ೧೮೪೭ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. ಲಂಡನ್ನಿನ ಮರ್ಚಂಟ್ ಟೇಲರ್ಸ್ ಶಾಲೆಯಲ್ಲಿ ಅವರ ವಿದ್ಯಾಭ್ಯಾಸ ನಡೆಯಿತು. ೧೮೬೫ರಲ್ಲಿ ಇಂಡಿಯನ್ ಸಿವಿಲ್ ಸರ್ವಿಸ್‌ಗೆ ಆಯ್ಕೆಯಾದ ಮೇಲೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಥಿಯೊಡೋರ್ ಗೋಲ್ಡ್‌ಸ್ಟ್ಯೂಕರ್ ಅವರಲ್ಲಿ ಸಂಸ್ಕೃತ ಕಲಿತರು. ೧೮೬೭ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಮುಂಬಯಿ ಪ್ರಾಂತಕ್ಕೆ ಬಂದರು. ಕಂದಾಯ ಮತ್ತು ದಂಡಾಧಿಕಾರದ ಕೆಲಸದಿಂದ ಅವರ ಸೇವೆ ಆರಂಭವಾಯಿತು. ೧೮೭೨ರಲ್ಲಿ ದಕ್ಷಿಣ ವಿಭಾಗದ ಎಜುಕೇಶನಲ್ ಇನ್‌ಸ್ಪೆಕ್ಟರ್ ಆದರು. ೧೮೭೫ರಲ್ಲಿ ಕೊಲ್ಹಾಪುರ ಮತ್ತು ದಕ್ಷಿಣ ಮರಾಠಾ ಪ್ರಾಂತದ ಸಹಾಯಕ ಪೊಲಿಟಿಕಲ್ ಏಜೆಂಟರಾದರು. ಈ ಹುದ್ದೆಗಳ ನಿಮಿತ್ತ ಅವರು ಕನ್ನಡ ಜಿಲ್ಲೆಗಳ ಒಳನಾಡನ್ನು ಸುತ್ತಬೇಕಾಯಿತು. ಆ ಸುತ್ತಾಟವೇ ಅವರ ಸಂಶೋಧನೆಯ ಕ್ಷೇತ್ರಕಾರ್ಯವಾಯಿತು.

ಅಂದಿನ ಆಡಳಿತ ವ್ಯವಸ್ಥೆಯಲ್ಲಿ ಬೈಲಹೊಂಗಲ ಮತ್ತು ಕಿತ್ತೂರು ಸಂಪಗಾವಿ ತಾಲೂಕಿನಲ್ಲಿದ್ದವು. ಸವದತ್ತಿ ಪರಸಗಡ ತಾಲೂಕಿಗೆ ಸೇರಿತ್ತು. ರಾಮದುರ್ಗ ಪ್ರತ್ಯೇಕ ಸಂಸ್ಥಾನವಾಗಿತ್ತು. ಮರಾಠಾ ಆಳ್ವಿಕೆಯ ಪರಂಪರೆಯಿಂದಾಗಿ ಕಚೇರಿಯ ಹಳೆಯ ದಫ್ತರಗಳಲ್ಲಿ ಮರಾಠಿ ಭಾಷೆ ಮತ್ತು ಅದರ ಓಟದ ಬರವಣಿಗೆಯಾದ ಮೋಡಿ ಲಿಪಿ ತುಂಬಿದ್ದವು. ಗ್ರಂಥಗಳಿಗೆ ಬಾಳಬೋಧ, ದಿನಬಳಕೆಯ ಕಾಗದಪತ್ರಗಳಿಗೆ ಮೋಡಿ ಎಂಬ ವಿಭಜನೆ ಆಗ ಎಲ್ಲರಿಗೂ ತಿಳಿದದ್ದಾಗಿತ್ತು. ಕನ್ನಡ ಶಾಲೆಗಳನ್ನು ಮರಳಿ ನೆಲೆಗೊಳಿಸುವ ಕಾರ್ಯ ಡೆಪ್ಯುಟಿ ಚನ್ನಬಸಪ್ಪನವರಂಥವರ ದುಡಿಮೆಯಿಂದ ಮುಂದುವರಿಯುತ್ತಿದ್ದ ಕಾಲವದು. ಈ ಪ್ರದೇಶ ಎಂದಿನಿಂದಲೂ ಕನ್ನಡದ್ದೆಂಬುದಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷ್ಯ ಕಾಗದದಲ್ಲಿರಲಿಲ್ಲ, ಗುಡಿಗಳ ಅಂಗಳದಲ್ಲಿ ನಿಂತ ಕಲ್ಲುಗಳಲ್ಲಿತ್ತು. ಆ ಕಲ್ಲುಗಳನ್ನು ಓದುವ ಕೆಲಸವನ್ನು ಫ್ಲೀಟರು ಕೈಗೆತ್ತಿಕೊಂಡರು.

ಮಲಪ್ರಭೆಯ ದಡದ ಕಲ್ಲುಗಳು

ಸವದತ್ತಿಯ ಪ್ರಾಚೀನ ಹೆಸರು ಸುಗಂಧವರ್ತಿ. ಅದು ರಟ್ಟ ಮನೆತನದ ರಾಜಧಾನಿ. ಮುಂದೆ ರಟ್ಟರು ವೇಣುಗ್ರಾಮಕ್ಕೆ, ಎಂದರೆ ಇಂದಿನ ಬೆಳಗಾವಿಗೆ, ನೆಲೆ ಬದಲಿಸಿದರು. ೧೮೭೦ರ ದಶಕದ ಆರಂಭದಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ನಿಯತಕಾಲಿಕದ ಹತ್ತನೆಯ ಸಂಪುಟದಲ್ಲಿ ಫ್ಲೀಟರು ಸವದತ್ತಿ ಮತ್ತು ಬೆಳಗಾವಿಯ ರಟ್ಟರಿಗೆ ಸಂಬಂಧಿಸಿದ ಶಾಸನಮಾಲೆಯನ್ನು ಪ್ರಕಟಿಸಿದರು. ಶಾಂತಿವರ್ಮನ ಕಾಲದ ಕ್ರಿ.ಶ. ೯೮೦ರ ಜೈನ ದತ್ತಿಯಿಂದ ಹಿಡಿದು ಇಮ್ಮಡಿ ಲಕ್ಷ್ಮೀದೇವನ ಕಾಲದ, ಮುನಿಚಂದ್ರನ ಹೆಸರನ್ನು ಹೊತ್ತ ಕ್ರಿ.ಶ. ೧೨೨೮ರ ಶಾಸನದವರೆಗೆ ಸುಮಾರು ಎರಡೂವರೆ ಶತಮಾನಗಳ ಬರವಣಿಗೆ ಸವದತ್ತಿ ಎಂಬ ಒಂದೇ ಊರಿನಲ್ಲಿ ಅವರಿಗೆ ದೊರಕಿತು. ನೇಸರಗಿಯ ಶಾಸನವೂ ಈ ಮಾಲೆಗೆ ಸೇರಿತು. ಬೈಲಹೊಂಗಲದ ರಟ್ಟ ಶಾಸನವನ್ನು ಅವರು ಮುಂದೆ ಇಂಡಿಯನ್ ಆಂಟಿಕ್ವೆರಿಯಲ್ಲಿ ಸಂಪಾದಿಸಿದರು. ಮುನವಳ್ಳಿಯ ಸೇವುಣ ಕಾಲದ ಶಾಸನ, ರಾಮದುರ್ಗದ ಸಮೀಪದ ತೊರಗಲ್ಲಿನ ಹನ್ನೆರಡನೆಯ ಶತಮಾನದ ಶಾಸನ ಇವೂ ಅವರ ಕೈಯಲ್ಲಿ ಬೆಳಕು ಕಂಡವು.

ಕಿತ್ತೂರಿನ ಶಾಸನ ಗೋವೆಯ ಕದಂಬರ ಮುಮ್ಮಡಿ ಜಯಕೇಶಿಯ ಕಾಲದ್ದು. ದೇವಸ್ಥಾನದ ಭೂಮಿಯ ಬಗ್ಗೆ ಇಬ್ಬರು ಆಚಾರ್ಯರ ನಡುವೆ ಎದ್ದ ವಿವಾದವನ್ನು ಫಾಲದಿವ್ಯದಿಂದ, ಅಂದರೆ ಕಾಯಿಸಿದ ನೇಗಿಲ ಕುಳವನ್ನು ಹಿಡಿಯುವ ಪರೀಕ್ಷೆಯಿಂದ, ತೀರ್ಮಾನಿಸಿದ ವೃತ್ತಾಂತ ಅದರಲ್ಲಿದೆ. ಸತ್ಯವನ್ನು ಅರಿಯಲು ಮಧ್ಯಯುಗದ ಸಮಾಜ ಸುಡುವ ಕಬ್ಬಿಣವನ್ನು ನಂಬಿತ್ತು. ಈ ಶಾಸನವನ್ನು ಸಂಪಾದಿಸಿದ ಫ್ಲೀಟರೇ ಮುಂದೆ ದಾನಪತ್ರಗಳ ಸತ್ಯಾಸತ್ಯತೆಯನ್ನು ಅರಿಯಲು ಅಕ್ಷರದ ಆಕಾರವನ್ನು ನಂಬಿದರು.

ಕಲ್ಯಾಣ ಚಾಲುಕ್ಯರ ಮತ್ತು ಅವರ ಸಾಮಂತರಾದ ರಟ್ಟರ ಕಾಲದ ಬರವಣಿಗೆ ಕನ್ನಡ ಲಿಪಿಯ ಇತಿಹಾಸದಲ್ಲಿ ಅತ್ಯಂತ ಚೆಲುವಾದ ಘಟ್ಟಗಳಲ್ಲೊಂದು. ಚಿತ್ರಗಳುಳ್ಳ ಶಿರೋಭಾಗದಲ್ಲಿ ಸೂರ್ಯ, ಚಂದ್ರ, ಲಿಂಗ ಅಥವಾ ಜಿನಬಿಂಬ, ಆಕಳು–ಕರು. ಅದರ ಕೆಳಗೆ ಸಾಲುಸಾಲಾಗಿ ಸಮ ಅಳತೆಯ ದುಂಡಕ್ಷರಗಳು. ಬಾದಾಮಿಯ ಮರಳುಗಲ್ಲಿಗಿಂತ ನಯವಾದ ಕರಿಯ ಕಲ್ಲು ಈ ಕಾಲದಲ್ಲಿ ಹೆಚ್ಚಾಗಿ ಬಳಕೆಗೆ ಬಂದದ್ದರಿಂದ ಚಾಣದ ತುದಿಗೆ ಸೂಕ್ಷ್ಮವಾದ ತಿರುವುಗಳು ಸಾಧ್ಯವಾದವು. ಅರಸನ ಹೆಸರು, ದತ್ತಿಯ ವಿವರಗಳಷ್ಟೇ ಅಲ್ಲದೆ ಬರವಣಿಗೆಯ ಅಂದವೂ ದಾನದ ಗೌರವಕ್ಕೆ ಸಲ್ಲುವ ಅಲಂಕಾರವಾಗಿತ್ತು. ಇಂದಿನ ಕನ್ನಡದ ಓದುಗ ಸ್ವಲ್ಪ ಅಭ್ಯಾಸದಿಂದ ಸವದತ್ತಿಯ ಶಾಸನದ ಅನೇಕ ಅಕ್ಷರಗಳನ್ನು ಗುರುತಿಸಬಲ್ಲ. ಆದರೆ ಅಲ್ಲಿಂದ ಹೆಚ್ಚು ದೂರವಿಲ್ಲದ ಹಲಸಿಯಲ್ಲಿ ದೊರೆತ ಆದಿ ಕದಂಬರ ತಾಮ್ರಪಟಗಳ ಮುಂದೆ ಅದೇ ಓದುಗ ತಡವರಿಸುತ್ತಾನೆ. ಆ ತಾಮ್ರಪಟಗಳನ್ನೂ ಫ್ಲೀಟರೇ ಸಂಪಾದಿಸಿದರು. ಹೀಗೆ ಕೆಲವೇ ಹರದಾರಿಗಳ ಅಂತರದಲ್ಲಿ ಲಿಪಿಯ ಎರಡು ದೂರದ ಘಟ್ಟಗಳು ಅವರ ಕಣ್ಣಿಗೆ ಬಿದ್ದವು. ಇವುಗಳ ನಡುವಿನ ದಾರಿ ಯಾವುದು ಎಂಬ ಪ್ರಶ್ನೆ ಸಹಜವಾಗಿಯೇ ಹುಟ್ಟಿತು.

ಪ್ರತಿಯಿಂದ ಅಚ್ಚಿನೆಡೆಗೆ

ಈ ಪ್ರಶ್ನೆಗೆ ಉತ್ತರಿಸಲು ಮೊದಲು ಬೇಕಾದದ್ದು ನಂಬಲರ್ಹವಾದ ಪ್ರತಿಗಳು. ಫ್ಲೀಟರಿಗಿಂತ ಮೊದಲು ಈ ಸೀಮೆಯ ಶಾಸನಗಳನ್ನು ದೊಡ್ಡ ಪ್ರಮಾಣದಲ್ಲಿ ಸಂಗ್ರಹಿಸಿದವರು ವಾಲ್ಟರ್ ಎಲಿಯಟ್. ೧೮೨೪ರ ಕಿತ್ತೂರಿನ ಹೋರಾಟದಲ್ಲಿ ಕಲೆಕ್ಟರ್ ಥ್ಯಾಕರೆ ಮಡಿದಾಗ ಸೆರೆಸಿಕ್ಕ ಇಬ್ಬರು ಆಂಗ್ಲ ಅಧಿಕಾರಿಗಳಲ್ಲಿ ಎಲಿಯಟ್ ಒಬ್ಬರು. ಬಿಡುಗಡೆಯ ಅನಂತರ ೧೮೩೩ರವರೆಗೆ ದಕ್ಷಿಣ ಮರಾಠಾ ಪ್ರಾಂತದಲ್ಲಿದ್ದ ಅವರು ೫೯೫ ಶಾಸನಗಳ ಹಸ್ತಪ್ರತಿ ಸಂಗ್ರಹವನ್ನು ಸಿದ್ಧಪಡಿಸಿದರು. ಅದೊಂದು ಬೃಹತ್ ಕಾರ್ಯವೇ ಸರಿ. ಆದರೆ ಪ್ರತಿಕಾರರು ಶಾಸನವನ್ನು ಓದಿ ತಮ್ಮ ಕಾಲದ ಕೈಬರಹದಲ್ಲಿ ಬರೆದುಕೊಂಡಿದ್ದರು. ಪಾಠ ಉಳಿಯಿತು, ಅಕ್ಷರದ ಆಕಾರ ಉಳಿಯಲಿಲ್ಲ. ಅರ್ಥವಾಗದೆಡೆ ಊಹೆಯೂ ಸೇರಿಕೊಂಡಿತು. ಕಾಲನಿರ್ಣಯಕ್ಕೆ ಅಕ್ಷರವೇ ಸಾಕ್ಷಿಯಾಗಬೇಕಾದಾಗ ಇಂಥ ಪ್ರತಿ ಉಪಯೋಗಕ್ಕೆ ಬಾರದು.

೧೮೬೬ರಲ್ಲಿ ಥಿಯೊಡೋರ್ ಹೋಪ್ ಅವರು ಪಿಗೌ ಮತ್ತು ಬಿಗ್ಸ್ ತೆಗೆದ ಛಾಯಾಚಿತ್ರಗಳನ್ನು ಆಧರಿಸಿ ಧಾರವಾಡ ಮತ್ತು ಮೈಸೂರಿನ ಶಾಸನಗಳ ಚಿತ್ರಸಂಪುಟವನ್ನು ಹೊರತಂದಿದ್ದರು. ಈ ಸಾಮಗ್ರಿಯನ್ನು ಬಳಸಿಕೊಂಡು ಫ್ಲೀಟರು ೧೮೭೮ರಲ್ಲಿ ಮುಂಬಯಿ ಪ್ರಾಂತ, ಮದರಾಸು ಪ್ರಾಂತದ ಕೆಲವು ಭಾಗ ಮತ್ತು ಮೈಸೂರಿನ ಪಾಲಿ, ಸಂಸ್ಕೃತ, ಹಳಗನ್ನಡ ಶಾಸನಗಳ ಸಂಗ್ರಹವನ್ನು ಸಿದ್ಧಪಡಿಸಿದರು. ಆದರೆ ಛಾಯಾಚಿತ್ರದಲ್ಲಿಯೂ ನೆರಳು, ಬಿರುಕುಗಳು ಅಕ್ಷರದ ಗೆರೆಗಳೆಂಬ ಭ್ರಮೆ ಹುಟ್ಟಿಸುತ್ತಿದ್ದವು. ಕಲ್ಲಿನ ಮೇಲೆ ಒದ್ದೆಯ ಕಾಗದವನ್ನು ಹರಡಿ, ಕುಂಚದಿಂದ ತಟ್ಟಿ, ಅದು ಅಕ್ಷರದ ಕುಳಿಗಳೊಳಗೆ ಇಳಿದ ಮೇಲೆ ಮಸಿಯನ್ನು ಒತ್ತಿ ತೆಗೆಯುವ ಮಸಿಯಚ್ಚು ಇದಕ್ಕಿಂತ ಉತ್ತಮ ಸಾಧನವೆನಿಸಿತು. ಇಂಥ ಅಚ್ಚುಗಳನ್ನು ಯಾರೂ ಕೈಯಿಂದ ತಿದ್ದಕೂಡದು, ಅಳಿಸಿಹೋದದ್ದು ಅಳಿಸಿಹೋದಂತೆಯೇ ಮುದ್ರಣವಾಗಬೇಕು ಎಂಬುದು ಫ್ಲೀಟರ ನಿಲುವು. ಓದುಗನೇ ಪಾಠವನ್ನು ಪರೀಕ್ಷಿಸಲು ಆಗಬೇಕೆಂಬ ಕಾಳಜಿ ಇದರ ಹಿಂದಿತ್ತು.

೧೮೭೪ರಲ್ಲಿ ಎ.ಸಿ. ಬರ್ನೆಲ್ ಅವರ ದಕ್ಷಿಣ ಭಾರತದ ಲಿಪಿಶಾಸ್ತ್ರದ ಗ್ರಂಥ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಲಿಪಿಗಳ ಬೆಳವಣಿಗೆಯ ಸ್ಥೂಲ ನಕ್ಷೆಯನ್ನು ಅದು ಒದಗಿಸಿತು. ಫ್ಲೀಟರು ಆ ನಕ್ಷೆಯ ಒಳಗೆ ಇಳಿದು ಅಕ್ಷರ ಅಕ್ಷರವಾಗಿ ಕಾಲದ ಗುರುತುಗಳನ್ನು ಹಾಕತೊಡಗಿದರು. ೧೮೮೨ರಲ್ಲಿ ಅವರ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸ ಪ್ರಕಟವಾಯಿತು. ಪರಿಷ್ಕೃತ ರೂಪ ೧೮೯೬ರಲ್ಲಿ ಮುಂಬಯಿ ಗ್ಯಾಸೆಟಿಯರಿನ ಭಾಗವಾಗಿ ಬಂತು. ಕದಂಬ, ಬಾದಾಮಿ ಚಾಲುಕ್ಯ, ರಾಷ್ಟ್ರಕೂಟ, ಕಲ್ಯಾಣ ಚಾಲುಕ್ಯ, ರಟ್ಟ, ಸೇವುಣ ಮೊದಲಾದ ಮನೆತನಗಳ ಅನುಕ್ರಮಕ್ಕೆ ಶಾಸನಾಧಾರವಾದ ಚೌಕಟ್ಟು ಇದರಿಂದ ದೊರೆಯಿತು.

೧೮೮೩ರಲ್ಲಿ ಭಾರತ ಸರ್ಕಾರ ಶಾಸನತಜ್ಞರ ಹುದ್ದೆಯನ್ನು ಸೃಷ್ಟಿಸಿದಾಗ ಅದಕ್ಕೆ ಮೊದಲು ನೇಮಕವಾದವರು ಫ್ಲೀಟರೇ. ೧೮೮೬ರವರೆಗೆ ಅಲ್ಲಿದ್ದು ಅವರು ಗುಪ್ತರ ಶಾಸನಗಳನ್ನು ಸಂಪಾದಿಸಿದರು. ೧೮೮೮ರಲ್ಲಿ ಪ್ರಕಟವಾದ ಆ ಸಂಪುಟದಲ್ಲಿ ಮಂದಸೋರ್ ಶಾಸನದ ನೆರವಿನಿಂದ ಗುಪ್ತಶಕೆಯ ಆರಂಭವನ್ನು ಕ್ರಿ.ಶ. ೩೧೯–೨೦ ಎಂದು ನೆಲೆಗೊಳಿಸಿದ್ದು ಅವರಿಗೆ ಅಖಿಲ ಭಾರತ ಮಟ್ಟದ ಕೀರ್ತಿಯನ್ನು ತಂದಿತು. ಆದರೆ ಅವರ ಮನಸ್ಸು ಕನ್ನಡ ಶಾಸನಗಳನ್ನು ಬಿಟ್ಟು ದೂರ ಸರಿಯಲಿಲ್ಲ.

ಐದು ಅಕ್ಷರಗಳ ಪರೀಕ್ಷೆ

ಖ, ಙ, ಜ, ಬ, ಲ ಈ ಐದು ಅಕ್ಷರಗಳನ್ನು ಫ್ಲೀಟರು ಪರೀಕ್ಷಾಕ್ಷರಗಳನ್ನಾಗಿ ಆರಿಸಿಕೊಂಡರು. ಇವುಗಳ ಹಳೆಯ ರೂಪವನ್ನು ಅವರು ಚೌಕ ರೂಪವೆಂದೂ ಅನಂತರದ ರೂಪವನ್ನು ಓಟದ ಬರಹದ ರೂಪವೆಂದೂ ವಿಂಗಡಿಸಿದರು. ಉಳಿದ ಅಕ್ಷರಗಳು ಶತಮಾನಗಳಲ್ಲಿ ಮೆಲ್ಲಮೆಲ್ಲನೆ ಬದಲಾದವು. ಅವುಗಳಲ್ಲಿ ಗಡಿಯನ್ನು ಗುರುತಿಸುವುದು ಕಷ್ಟ. ಈ ಐದರಲ್ಲಿ ಎರಡು ರೂಪಗಳ ಭೇದ ಕಣ್ಣಿಗೆ ಸ್ಪಷ್ಟವಾಗಿ ಬೀಳುವಂಥದು.

ಬಕಾರದ ಉದಾಹರಣೆ ಇಲ್ಲಿ ಸಾಕು. ಬಾದಾಮಿ ಚಾಲುಕ್ಯರ ಶಾಸನಗಳಲ್ಲಿ ಬಕಾರ ನಾಲ್ಕೂ ಕಡೆ ಮುಚ್ಚಿದ ಒಂದು ಪೆಟ್ಟಿಗೆ. ಅದನ್ನು ಬರೆಯಲು ಕೈ ನಾಲ್ಕು ಮೂಲೆಗಳಲ್ಲಿ ತಿರುಗಿ, ಮೊದಲ ಬಿಂದುವಿಗೆ ಬಂದು ಸೇರಬೇಕು. ವೇಗವಾಗಿ ಬರೆಯುವಾಗ ಮೇಲಿನ ಗೆರೆ ಬಿಟ್ಟುಹೋಗುತ್ತದೆ, ಮೂಲೆಗಳು ಬಾಗುತ್ತವೆ, ಪೆಟ್ಟಿಗೆಯ ಬಾಯಿ ತೆರೆಯುತ್ತದೆ. ಇಂದಿನ ಬಕಾರದ ಮೇಲ್ಭಾಗ ತೆರೆದಿರುವುದು ಈ ಓಟದ ಫಲ. ಜಕಾರವೂ ಹಾಗೆಯೇ. ಮೂರು ಅಡ್ಡಗೆರೆಗಳನ್ನು ಒಂದು ನೇರಗೆರೆಗೆ ಜೋಡಿಸಿದಂತಿದ್ದ ಅಕ್ಷರ ಕೈಯನ್ನು ಎತ್ತದೆ ಬರೆಯುವ ಸುರುಳಿಯಾಗಿ ಮಾರ್ಪಟ್ಟಿತು. ತಾಳೆಗರಿಯ ಮೇಲೆ ಕಂಟದಿಂದ ಬರೆಯುವವನಿಗೆ ಗರಿಯ ನಾರಿನಗುಂಟ ಎಳೆದ ನೇರಗೆರೆ ಅಪಾಯಕರ. ಗರಿ ಸೀಳಬಹುದು. ದುಂಡು ಗೆರೆಯಲ್ಲಿ ಆ ಭಯ ಕಡಿಮೆ. ಹೀಗೆ ಬರೆಯುವ ಸಾಧನ ಮತ್ತು ಕೈಯ ಅವಸರ ಎರಡೂ ಸೇರಿ ಕನ್ನಡದ ದುಂಡು ರೂಪಕ್ಕೆ ಕಾರಣವಾದವು. ಮೊದಲು ಅನುಕೂಲವಾಗಿ ಬಂದ ತಿರುವು ಕ್ರಮೇಣ ಅಂದವೆನಿಸಿ, ಕಲ್ಯಾಣ ಚಾಲುಕ್ಯರ ಕಾಲಕ್ಕೆ ಅಲಂಕಾರವೇ ಆಯಿತು.

ಕಾಲ ನಮೂದಾಗಿರುವ, ಸಾಚಾತನದ ಬಗ್ಗೆ ಸಂದೇಹವಿಲ್ಲದ ಶಾಸನಗಳನ್ನು ಅನುಕ್ರಮವಾಗಿ ಇರಿಸಿ ಫ್ಲೀಟರು ಈ ಐದು ಅಕ್ಷರಗಳ ರೂಪಗಳನ್ನು ಹೋಲಿಸಿದರು. ಅಮೋಘವರ್ಷ ನೃಪತುಂಗನ ಕಾಲದ ಕ್ರಿ.ಶ. ೮೬೬ರ ನೀಲಗುಂದ ಮತ್ತು ಸಿರೂರು ಶಾಸನಗಳಂಥವು ಅವರಿಗೆ ಮೈಲಿಗಲ್ಲುಗಳಾದವು. ರಾಷ್ಟ್ರಕೂಟರ ಕಾಲ ಹಳೆಯ ಮತ್ತು ಹೊಸ ರೂಪಗಳು ಬೆರೆತಿದ್ದ ಸಂಧಿಕಾಲವೆಂದು ಕಂಡುಬಂದಿತು. ಬಕಾರ, ಖಕಾರಗಳ ಓಟದ ರೂಪ ಕ್ರಿ.ಶ. ೮೦೦ರ ಸುಮಾರಿಗಿಂತ ಹಿಂದೆ ಶಾಸನಗಳಲ್ಲಿ ಕಾಣದು ಎಂಬ ತೀರ್ಮಾನಕ್ಕೆ ಅವರು ಬಂದರು. ಎಪಿಗ್ರಾಫಿಯಾ ಇಂಡಿಕಾದಲ್ಲಿ ಅವರು ಸಂಪಾದಿಸಿದ ಕನ್ನಡ ಶಾಸನಗಳಲ್ಲಿ ಈ ಅಕ್ಷರಗಳ ಪರಿಶೀಲನೆ ಪೀಠಿಕೆಯ ಮುಖ್ಯ ಅಂಗವಾಯಿತು. ಇತರ ಸಂಪಾದಕರೂ ಆ ಕ್ರಮವನ್ನು ಅನುಸರಿಸಿದರು.

ಗಂಗರ ತಾಮ್ರಪಟಗಳ ವಿವಾದ

ಈ ಪರೀಕ್ಷೆಯ ನಿಜವಾದ ಪರಿಣಾಮ ಕಂಡದ್ದು ಗಂಗರ ತಾಮ್ರಪಟಗಳ ವಿಷಯದಲ್ಲಿ. ಮೈಸೂರು ಮತ್ತು ಕೊಡಗಿನಲ್ಲಿ ದೊರೆತ ಹಲವು ತಾಮ್ರಪಟಗಳು ತಲಕಾಡಿನ ಗಂಗರ ವಂಶಾವಳಿಯನ್ನು ಕ್ರಿಸ್ತಶಕದ ಆರಂಭದ ಶತಮಾನಗಳವರೆಗೆ ಒಯ್ಯುತ್ತಿದ್ದವು. ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡು ಸಂಪುಟಗಳ ನಿರ್ಮಾತೃ ಬಿ.ಎಲ್. ರೈಸ್ ಅವರು ಇವುಗಳನ್ನು ಒಟ್ಟಾರೆಯಾಗಿ ನಂಬಿ, ಮೈಸೂರಿನ ಪ್ರಾಚೀನ ಇತಿಹಾಸವನ್ನು ಅವುಗಳ ಮೇಲೆ ಕಟ್ಟಿದರು. ಫ್ಲೀಟರು ಒಪ್ಪಲಿಲ್ಲ. ಇವುಗಳಲ್ಲಿ ಬಹುಪಾಲು ಕೂಟಶಾಸನಗಳೆಂದು ಸಾರಿದರು. ೧೯೦೧ರಲ್ಲಿ ಇಂಡಿಯನ್ ಆಂಟಿಕ್ವೆರಿಯಲ್ಲಿ ಭಾರತದ ಕೂಟಶಾಸನಗಳನ್ನು ಕುರಿತು ಅವರು ಬರೆದ ಲೇಖನ ಈ ವಾದದ ಸಾರಸಂಗ್ರಹವಾಗಿದೆ.

ಅವರ ತರ್ಕದ ತಿರುಳು ಸರಳವಾದುದು. ಭೂಮಿಯ ಮೇಲಿನ ಹಕ್ಕನ್ನು ಸಾಧಿಸಲು ಹತ್ತನೆಯ ಶತಮಾನದವನೊಬ್ಬ ನಾಲ್ಕನೆಯ ಶತಮಾನದ ದಾನಪತ್ರವನ್ನು ಹುಟ್ಟುಹಾಕಬಹುದು. ಹಳೆಯ ಅರಸರ ಹೆಸರುಗಳನ್ನು, ಹಳೆಯ ತಿಥಿಯನ್ನು, ಹಳೆಯ ಸಂಸ್ಕೃತ ಗದ್ಯವನ್ನು ಅವನು ಒದಗಿಸಿಕೊಳ್ಳಬಹುದು. ಆದರೆ ಅಕ್ಷರ ಬರೆಯುವಾಗ ಕೈ ತನ್ನ ಕಾಲದ ರೂಢಿಗೆ ಜಾರುತ್ತದೆ. ಚೌಕವಾಗಿರಬೇಕಾದ ಬಕಾರದ ಬಾಯಿ ಎಲ್ಲೋ ಒಂದೆಡೆ ತೆರೆದುಕೊಳ್ಳುತ್ತದೆ. ಅರಿವಿಲ್ಲದೆ ಬಂದ ಆ ತಿರುವು ಪತ್ರದ ನಿಜವಾದ ವಯಸ್ಸನ್ನು ಹೇಳಿಬಿಡುತ್ತದೆ.

ಅಕ್ಷರವೊಂದನ್ನೇ ನೆಚ್ಚಿ ಫ್ಲೀಟರು ತೀರ್ಪು ನೀಡಿದರೆನ್ನುವುದು ಸರಿಯಲ್ಲ. ತಿಥಿ, ವಾರ, ನಕ್ಷತ್ರಗಳ ಲೆಕ್ಕ ಹೊಂದುತ್ತದೆಯೇ, ಭಾಷೆ ಆ ಕಾಲದ್ದೇ, ಉಲ್ಲೇಖಿತ ವ್ಯಕ್ತಿಗಳು ಸಮಕಾಲೀನರೇ ಎಂಬ ಪರೀಕ್ಷೆಗಳನ್ನೂ ಅವರು ನಡೆಸಿದರು. ೩೮೮ ಎಂಬ ವರ್ಷದ ಉಲ್ಲೇಖವಿರುವ ಮಡಿಕೇರಿಯ ತಾಮ್ರಪಟದಲ್ಲಿ ರಾಷ್ಟ್ರಕೂಟರ ಬಿರುದಾದ ಅಕಾಲವರ್ಷ ಎಂಬ ಹೆಸರು ಬಂದಿರುವುದನ್ನು ಎತ್ತಿ ತೋರಿಸಿದ್ದು ಇಂಥ ಪರೀಕ್ಷೆಯ ಉತ್ತಮ ನಿದರ್ಶನ. ತಮ್ಮ ಅಚ್ಚುಮೆಚ್ಚಿನ ಸವದತ್ತಿಯ ಶಾಸನಕ್ಕೂ ಅವರು ವಿನಾಯಿತಿ ನೀಡಲಿಲ್ಲ. ರಟ್ಟ ಪೃಥ್ವೀರಾಮನಿಗೆ ಶಕ ೭೯೭, ಎಂದರೆ ಕ್ರಿ.ಶ. ೮೭೫ರ ಕಾಲವನ್ನು ಹೇಳುವ ಭಾಗ ಅನಂತರ ಬರೆಸಿದ ಶಾಸನವೊಂದರಲ್ಲಿದೆ. ಅವನ ಮೊಮ್ಮಗ ಶಾಂತಿವರ್ಮ ೯೮೦ರಲ್ಲಿ ಆಳುತ್ತಿದ್ದನೆಂದರೆ ಆ ವರ್ಷವನ್ನು ಹಾಗೆಯೇ ನಂಬುವುದು ಕಷ್ಟವೆಂದು ಅವರು ವಾದಿಸಿದರು.

ವಿವಾದ ಹಲವು ವರ್ಷ ನಡೆಯಿತು. ಒಂದು ರಾಜವಂಶದ ಆದಿಭಾಗವೇ ಇತಿಹಾಸದಿಂದ ಅಳಿಸಿಹೋಗುವಂತಾದಾಗ ಮೈಸೂರಿನ ವಿದ್ವಾಂಸ ವಲಯದಲ್ಲಿ ಅಸಮಾಧಾನ ಹುಟ್ಟಿದ್ದು ಸಹಜ. ರೈಸ್ ಅವರಿಗೆ ಕನ್ನಡ ನಾಡಿನ ಒಟ್ಟು ಪರಂಪರೆಯಲ್ಲಿ ವಿಶ್ವಾಸವಿತ್ತು. ಫ್ಲೀಟರಿಗೆ ಪ್ರತಿಯೊಂದು ಪತ್ರವನ್ನೂ ಬೇರೆಬೇರೆಯಾಗಿ ವಿಚಾರಣೆಗೆ ನಿಲ್ಲಿಸುವ ದಂಡಾಧಿಕಾರಿಯ ಮನೋಧರ್ಮವಿತ್ತು. ಕನ್ನಡ ಇತಿಹಾಸ ರಚನೆಗೆ ಎರಡೂ ಬೇಕಾಗಿದ್ದವು.

ಪರೀಕ್ಷೆಯ ಮಿತಿ

ಫ್ಲೀಟರ ವಿಧಾನದಲ್ಲಿ ಒಂದು ದುರ್ಬಲ ಸ್ಥಾನವಿತ್ತು. ಓಟದ ರೂಪ ಕಲ್ಲಿನ ಮೇಲೆ ಮೊದಲು ಕಂಡ ವರ್ಷ ಬೇರೆ, ಅದು ಜನರ ಕೈಬರಹದಲ್ಲಿ ಹುಟ್ಟಿದ ವರ್ಷ ಬೇರೆ. ದಿನಬಳಕೆಯ ಬರಹ ಮುಂದೆ ಓಡುತ್ತದೆ. ಕಲ್ಲು, ತಾಮ್ರಗಳ ಔಪಚಾರಿಕ ಬರಹ ಹಿಂದಿನ ರೂಪವನ್ನೇ ಗೌರವದಿಂದ ಹಿಡಿದುಕೊಂಡಿರುತ್ತದೆ. ಬೆಳಗಾವಿ ಜಿಲ್ಲೆಯ ದಫ್ತರಗಳಲ್ಲಿ ಬಾಳಬೋಧ ಮತ್ತು ಮೋಡಿ ಏಕಕಾಲಕ್ಕೆ ಬಳಕೆಯಲ್ಲಿದ್ದುದು ಇದಕ್ಕೆ ಕಣ್ಣೆದುರಿನ ದೃಷ್ಟಾಂತ. ಮೋಡಿಯಲ್ಲಿ ಬರೆದ ಕಾಗದವೊಂದು ಬಾಳಬೋಧದಲ್ಲಿ ಬರೆದದ್ದಕ್ಕಿಂತ ಹೊಸದೆಂದು ಯಾರೂ ಹೇಳಲಾರರು. ತಾಮ್ರಪಟವನ್ನು ಮೊದಲು ಲೇಖಕ ಬರೆದುಕೊಡುತ್ತಿದ್ದ, ಅನಂತರ ಅಕ್ಕಸಾಲಿ ಅದನ್ನು ಕೊರೆಯುತ್ತಿದ್ದ. ಲೇಖಕನ ದಿನಬಳಕೆಯ ಕೈ ಒಂದೆರಡು ಕಡೆ ಇಣುಕಿದರೆ ಅದರಿಂದಲೇ ಪತ್ರವನ್ನು ಸುಳ್ಳೆನ್ನಲಾಗದು.

ಲಿಪಿಶಾಸ್ತ್ರದ ಮತ್ತೊಬ್ಬ ಆಚಾರ್ಯ ಗೆಯೋರ್ಗ್ ಬ್ಯೂಲರ್ ಈ ಅಂಶಕ್ಕೆ ಒತ್ತು ಕೊಟ್ಟಿದ್ದರು. ಶಾಸನಗಳ ಲಿಪಿಗಿಂತ ವ್ಯವಹಾರದ ಲಿಪಿ ಸಾಮಾನ್ಯವಾಗಿ ಮುಂದಿರುತ್ತದೆಂಬುದು ಅವರ ಅಭಿಪ್ರಾಯ. ೧೮೯೬ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾದ ಬ್ಯೂಲರರ ಭಾರತೀಯ ಲಿಪಿಶಾಸ್ತ್ರವನ್ನು ೧೯೦೪ರಲ್ಲಿ ಇಂಗ್ಲಿಷಿನಲ್ಲಿ ಹೊರತಂದವರು ಬೇರೆ ಯಾರೂ ಅಲ್ಲ, ಫ್ಲೀಟರೇ. ತಮ್ಮ ವಿಧಾನದ ಮಿತಿಯನ್ನು ತೋರಿಸಬಲ್ಲ ಗ್ರಂಥವನ್ನು ತಾವೇ ಓದುಗರ ಕೈಗಿತ್ತದ್ದು ಅವರ ವಿದ್ವತ್ತಿನ ದೊಡ್ಡತನಕ್ಕೆ ಸಾಕ್ಷಿ.

ಕೇಳಿದಂತೆ ಬರೆದದ್ದು

ಶಾಸನಗಳಲ್ಲಿ ತೋರಿದ ಶಿಸ್ತನ್ನೇ ಫ್ಲೀಟರು ಜನಪದ ಸಾಹಿತ್ಯಕ್ಕೂ ಅನ್ವಯಿಸಿದರು. ಜೇಮ್ಸ್ ಬರ್ಜೆಸ್ ೧೮೭೨ರಲ್ಲಿ ಆರಂಭಿಸಿದ ಇಂಡಿಯನ್ ಆಂಟಿಕ್ವೆರಿಯ ಸಂಪಾದಕತ್ವವನ್ನು ೧೮೮೫ರಲ್ಲಿ ರಿಚರ್ಡ್ ಟೆಂಪಲ್ ಅವರೊಡನೆ ವಹಿಸಿಕೊಂಡ ಮೇಲೆ ಅದರಲ್ಲಿ ಕನ್ನಡ ಲಾವಣಿಗಳನ್ನು ಅನುವಾದ ಸಹಿತ ಪ್ರಕಟಿಸತೊಡಗಿದರು. ಸಂಗೊಳ್ಳಿ ರಾಯಣ್ಣನ ದಂಗೆ, ಹಲಗಲಿಯ ಬೇಡರ ದಂಗೆ, ಬೈಲಹೊಂಗಲ ಸೀಮೆಯ ಸಂಗ್ಯಾನ ಕಥೆ ಇವು ಅದರಲ್ಲಿ ಸೇರಿವೆ. ರಾಯಣ್ಣನನ್ನು ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ ಸರ್ಕಾರದ ಅಧಿಕಾರಿಯೇ, ಅರ್ಧಶತಮಾನದ ತರುವಾಯ, ರಾಯಣ್ಣನನ್ನು ಹಾಡಿದ ಜನರ ದನಿಯನ್ನು ದಾಖಲಿಸಿದನೆಂಬುದು ಇತಿಹಾಸದ ಒಂದು ವಿಚಿತ್ರ ಸಂಗತಿ. ಆಡುನುಡಿಯ ರೂಪಗಳನ್ನು ಗ್ರಾಂಥಿಕಕ್ಕೆ ತಿರುಗಿಸದೆ ಉಳಿಸಿಕೊಂಡದ್ದರಿಂದ ಈ ಪಾಠಗಳು ಭಾಷಾಧ್ಯಯನಕ್ಕೂ ಆಧಾರವಾದವು. ಕಲ್ಲಿನ ಅಚ್ಚನ್ನು ತಿದ್ದಕೂಡದೆಂಬ ನಿಯಮ ಇಲ್ಲಿ ಹಾಡಿನ ನುಡಿಗೂ ಸಂದಿದೆ.

ಕೊನೆಯ ವರ್ಷಗಳು

ಸೊಲ್ಲಾಪುರದ ಕಲೆಕ್ಟರ್, ವಿಭಾಗೀಯ ಕಮಿಷನರ್ ಮೊದಲಾದ ಹುದ್ದೆಗಳಲ್ಲಿದ್ದು ಫ್ಲೀಟರು ೧೮೯೭ರಲ್ಲಿ ನಿವೃತ್ತರಾದರು. ಅದಕ್ಕೂ ಮೊದಲು, ೧೮೯೨ರಲ್ಲಿ, ಗಟಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತ್ತು. ಇಂಗ್ಲೆಂಡಿಗೆ ಮರಳಿದ ಮೇಲೂ ಶಾಸನಗಳ ಮಸಿಯಚ್ಚುಗಳು ಅವರ ಮೇಜಿನ ಮೇಲೆಯೇ ಇದ್ದವು. ಕವಿರಾಜಮಾರ್ಗದ ಕರ್ತೃತ್ವದ ಚರ್ಚೆಯಲ್ಲಿಯೂ ಅವರು ಭಾಗಿಯಾದರು. ೧೯೦೭ರಿಂದ ಕೊನೆಯವರೆಗೆ ರಾಯಲ್ ಏಷಿಯಾಟಿಕ್ ಸೊಸೈಟಿಯ ಗೌರವ ಕಾರ್ಯದರ್ಶಿಯಾಗಿದ್ದರು. ೧೯೧೨ರಲ್ಲಿ ಆ ಸಂಸ್ಥೆಯ ಸುವರ್ಣಪದಕ ಅವರಿಗೆ ಸಂದಿತು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ಮಾಡಿದ ಕೌಟಿಲ್ಯನ ಅರ್ಥಶಾಸ್ತ್ರದ ಇಂಗ್ಲಿಷ್ ಅನುವಾದ ೧೯೧೫ರಲ್ಲಿ ಪ್ರಕಟವಾದಾಗ ಅದಕ್ಕೆ ಪ್ರಾಸ್ತಾವಿಕ ಟಿಪ್ಪಣಿ ಬರೆದವರು ಫ್ಲೀಟರು.

ಅದೇ ೧೯೧೫ರಲ್ಲಿ ಗಂಗರ ವಿವಾದಕ್ಕೆ ಅನಿರೀಕ್ಷಿತ ತಿರುವು ದೊರೆಯಿತು. ಪೆನುಕೊಂಡೆಯಲ್ಲಿ ದೊರೆತ ಗಂಗ ಮಾಧವನ ತಾಮ್ರಪಟಗಳು ಬೆಳಕಿಗೆ ಬಂದವು. ಗಂಗ ಅರಸರಿಗೆ ಪಲ್ಲವ ಸಿಂಹವರ್ಮ, ಸ್ಕಂದವರ್ಮರು ಪಟ್ಟಕಟ್ಟಿದ ಸಂಗತಿ ಅವುಗಳಲ್ಲಿದೆ. ಅರವತ್ತೆಂಟು ವಯಸ್ಸಿನ ಫ್ಲೀಟರು ತಮ್ಮ ಜೀವಮಾನದ ಪರೀಕ್ಷೆಯನ್ನು ಇವುಗಳಿಗೂ ಒಡ್ಡಿದರು. ಅಕ್ಷರಗಳು ಆ ಪರೀಕ್ಷೆಯಲ್ಲಿ ಗೆದ್ದವು. ಲಿಪಿಯ ಆಧಾರದಿಂದ ಇವು ಕ್ರಿ.ಶ. ೪೭೫ರ ಸುಮಾರಿನವು, ಸಾಚಾ ಶಾಸನಗಳು ಎಂದು ಅವರು ಬರೆದರು. ಆದಿ ಗಂಗರ ಅಸ್ತಿತ್ವವನ್ನು ದಶಕಗಳ ಕಾಲ ಸಂದೇಹಿಸಿದ ಲೇಖನಿಯೇ ಅದನ್ನು ಅಂಗೀಕರಿಸಿತು. ಹಳೆಯ ವಾದವನ್ನು ಉಳಿಸಿಕೊಳ್ಳಲು ಹೊಸ ಸಾಕ್ಷ್ಯವನ್ನು ತಿರುಚುವ ದಾರಿ ಅವರಿಗಿತ್ತು. ಅದನ್ನು ಅವರು ಹಿಡಿಯಲಿಲ್ಲ. ಕೂಟವೆಂದು ಅವರು ಹಿಂದೆ ತಳ್ಳಿಹಾಕಿದ್ದ ಎಲ್ಲ ಪತ್ರಗಳೂ ಇದರಿಂದ ಸಾಚಾ ಆಗಲಿಲ್ಲ. ಮಡಿಕೇರಿಯ ತಾಮ್ರಪಟದ ಬಗೆಗಿನ ಅವರ ಸಂದೇಹವನ್ನು ಅನಂತರದ ಅನೇಕ ವಿದ್ವಾಂಸರೂ ಒಪ್ಪಿದ್ದಾರೆ. ಆದರೆ ಗಂಗರ ಆರಂಭಕಾಲಕ್ಕೆ ಭದ್ರವಾದ ಆಧಾರವೊಂದು ದೊರೆಯಿತು, ಅದೂ ಅವರ ಕೈಯಿಂದಲೇ. ೧೯೧೭ರ ಫೆಬ್ರವರಿ ೨೧ರಂದು ಫ್ಲೀಟರು ನಿಧನರಾದರು.

ಉಪಸಂಹಾರ

ಫ್ಲೀಟರ ಕೆಲವು ನಿರ್ಣಯಗಳು ಇಂದು ಬದಲಾಗಿವೆ. ಆದರೆ ಅವರು ಹಾಕಿಕೊಟ್ಟ ದಾರಿ ಬಳಕೆಯಲ್ಲಿದೆ. ಅವರ ನಿಧನದ ಸುಮಾರು ಎರಡು ದಶಕಗಳ ಅನಂತರ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿ ಶಾಸನದಲ್ಲಿ ಕಾಲದ ಉಲ್ಲೇಖವಿಲ್ಲ. ಅದು ಕ್ರಿ.ಶ. ೪೫೦ರ ಸುಮಾರಿನದೆಂಬ ನಿರ್ಣಯಕ್ಕೆ ಒಳಗಿನ ಸಂಗತಿಗಳ ಜೊತೆಗೆ ಅಕ್ಷರಗಳ ಆಕಾರವೂ ಆಧಾರ. ೨೦೦೮ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನಮಾನ ದೊರೆಯುವ ಮುನ್ನ ನಡೆದ ಪ್ರಾಚೀನತೆಯ ಚರ್ಚೆಯಲ್ಲಿ ಹಲ್ಮಿಡಿಗೆ ಇದ್ದ ಮಹತ್ವವನ್ನು ನೆನೆದರೆ, ಅಕ್ಷರದ ತಿರುವನ್ನು ಅಳೆಯುವ ವಿದ್ಯೆ ಕೇವಲ ಪಂಡಿತರ ಕುತೂಹಲವಲ್ಲವೆಂಬುದು ಮನವರಿಕೆಯಾಗುತ್ತದೆ. ಎ.ವಿ. ನರಸಿಂಹಮೂರ್ತಿಯವರ ಕನ್ನಡ ಲಿಪಿಯ ಉಗಮ ಮತ್ತು ವಿಕಾಸದಂಥ ಗ್ರಂಥಗಳು ಈ ವಿದ್ಯೆಯನ್ನು ಕನ್ನಡದಲ್ಲಿ ಬೆಳೆಸಿವೆ.

ಅಕ್ಷರವಿನ್ಯಾಸಕಾರನಿಗೂ ಈ ಜೀವನದಿಂದ ಕಲಿಯಬೇಕಾದದ್ದಿದೆ. ದುಂಡು ತಿರುವು ಕನ್ನಡಕ್ಕೆ ಹೊರಗಿನಿಂದ ತೊಡಿಸಿದ ಒಡವೆಯಲ್ಲ. ಬರೆಯುವ ಕೈ, ತಾಳೆಗರಿ, ಕಂಟ, ನಯವಾದ ಕಲ್ಲು ಇವು ಶತಮಾನಗಳ ಕಾಲ ಕೂಡಿ ರೂಪಿಸಿದ ಗುಣವದು. ಬಕಾರದ ಬಾಯಿ ಏಕೆ ತೆರೆಯಿತು, ಜಕಾರದ ಸುರುಳಿ ಎಲ್ಲಿಂದ ಬಂತು ಎಂಬುದನ್ನು ಬಲ್ಲವನು ಅಕ್ಷರವನ್ನು ಎಷ್ಟು ಬಳುಕಿಸಬಹುದು, ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ಬಲ್ಲ. ಅಂಥ ಅರಿವಿಗೆ ಬೇಕಾದ ಮಾದರಿಗಳು ಸವದತ್ತಿ, ಬೈಲಹೊಂಗಲ, ಕಿತ್ತೂರು, ತೊರಗಲ್ಲುಗಳ ಶಾಸನಗಳಲ್ಲಿ ದೊರೆಯುತ್ತವೆ. ಅವುಗಳ ಪಾಠವನ್ನು ಕನ್ನಡಿಗರು ಫ್ಲೀಟರ ನೆರವಿನಿಂದ ಓದಿಕೊಂಡಿದ್ದಾರೆ. ಅವುಗಳ ಅಕ್ಷರಗಳನ್ನು ಚಿತ್ರಸಹಿತವಾಗಿ, ಕಾಲಾನುಕ್ರಮದಲ್ಲಿ ಅಭ್ಯಸಿಸುವ ಕೆಲಸ ಹೊಸ ತಲೆಮಾರಿನ ಸಂಶೋಧಕರಿಗೆ ಫಲವತ್ತಾದ ಕ್ಷೇತ್ರವಾಗಬಲ್ಲುದು.